ಕೂಗುವ ಹೆಸರು, ಓಗೊಡುವ ಹೆಸರು

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕುರಿತು ಬರೆಯಲು ಕೂತ ವಿದ್ಯಾರ್ಥಿಗೆ ಮೊದಲ ಪುಟದಲ್ಲೇ ಒಂದು ತೊಡಕು ಎದುರಾಗುತ್ತದೆ. ಕಾದಂಬರಿ ಶುರುವಾಗುವುದು ಗುತ್ತಿಯಿಂದ. ಗುತ್ತಿ ಯಾರು? ಸಿಂಬಾವಿ ಭರಮೈಹೆಗ್ಗಡೆಯವರ ಜೀತದಾಳು, ಹುಲಿಯ ಎಂಬ ನಾಯಿಯ ಒಡೆಯ, ಬೆಟ್ಟಳ್ಳಿ ಕೇರಿಯ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವವನು. ಇಷ್ಟು ಬರೆಯುವುದು ಸುಲಭ. ಆದರೆ ಅವನ ಜಾತಿ ಹೇಳದೆ ಕಥೆ ಅರ್ಥವಾಗುವುದಿಲ್ಲ. ಹೇಳುವುದಾದರೆ ಯಾವ ಪದದಲ್ಲಿ? ಕಾದಂಬರಿ ಬಳಸುವುದು ‘ಹೊಲೆಯ’ ಎಂಬ ಮಾತನ್ನು. ಅಜ್ಜನ ಕಾಲದ ಪಠ್ಯಪುಸ್ತಕ ‘ಹರಿಜನ’ ಎನ್ನುತ್ತಿತ್ತು. ಇವತ್ತಿನ ವಿಮರ್ಶೆ ‘ದಲಿತ’ ಎನ್ನುತ್ತದೆ. ಕಚೇರಿ ‘ಪರಿಶಿಷ್ಟ ಜಾತಿ’ ಎನ್ನುತ್ತದೆ. ಕಾದಂಬರಿಯ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ. ಕೊನೆಯ ಮೂರು ಹೆಸರುಗಳಲ್ಲಿ ಯಾವುದನ್ನು ಕೂಗಿದರೂ ಆ ಗುತ್ತಿ ತಿರುಗಿ ನೋಡುತ್ತಿರಲಿಲ್ಲ. ಮೊದಲನೆಯದನ್ನು ಕೂಗಿದರೆ ಅವನು ನಿಲ್ಲಲೇಬೇಕಿತ್ತು.

ಇದನ್ನು ಸಭ್ಯತೆಯ ಪ್ರಶ್ನೆ ಎಂದುಕೊಂಡು ಒಂದು ಪದ ತೆಗೆದು ಇನ್ನೊಂದು ಹಾಕಿ ಮುಂದೆ ಹೋಗುವವರು ಬಹಳ. ಕೋಣಂದೂರು, ಹೊಸನಗರ, ಸಾಗರದ ಕಡೆ ಹುಟ್ಟಿ ಕನ್ನಡ ಎಂ.ಎ. ಓದುವವರಿಗೆ ಇದು ಅಷ್ಟು ಸುಲಭವಲ್ಲ. ಈ ಕಾದಂಬರಿಗಳ ಪದಗಳು ಅವರ ಮನೆಯ ಅಂಗಳದಲ್ಲಿ ಇನ್ನೂ ಬಳಕೆಯಲ್ಲಿವೆ. ಜೊತೆಗೆ ಕೂತು ಓದುವವರಲ್ಲಿ ಆ ಹೆಸರನ್ನು ಬೈಗುಳವಾಗಿ ಕೇಳಿ ಬೆಳೆದವರೂ ಇರುತ್ತಾರೆ, ಬೈಗುಳವಾಗಿ ಬಳಸುವ ಮನೆಯಿಂದ ಬಂದವರೂ ಇರುತ್ತಾರೆ.

ಇಂಥ ಪದಗಳ ಬಗ್ಗೆ ಮಾತು ಬಂದಾಗ ನಾವು ಮೊದಲು ಓಡುವುದು ನಿಘಂಟಿಗೆ. ‘ಹೊಲೆಯ’ ಪದಕ್ಕೆ ಎರಡು ಮೂಲ ಹೇಳುತ್ತಾರೆ. ‘ಹೊಲೆ’ ಅಂದರೆ ಮೈಲಿಗೆ, ಅದರಿಂದ ಬಂತು ಎಂಬುದು ಒಂದು. ‘ಹೊಲ’ದಿಂದ ಬಂತು, ಹೊಲದವನು, ಮಣ್ಣಿನ ಮಗ ಎಂಬುದು ಇನ್ನೊಂದು. ಎರಡನೆಯದನ್ನು ಹೇಳುವವರ ಮನಸ್ಸು ಒಳ್ಳೆಯದು. ಆದರೆ ಅದರಿಂದ ಕೆಲಸವಾಗುವುದಿಲ್ಲ. ಹೊಲದ ಮೂಲವೇ ನಿಜವೆಂದು ನಾಳೆ ಸಾಬೀತಾದರೂ ಬಾವಿಯ ಬಳಿ ಆ ಪದ ಕೇಳಿ ಹಿಂದೆ ಸರಿದವನಿಗೆ ಏನು ಸಿಕ್ಕಿತು? ಮೈಲಿಗೆಯ ಮೂಲವೇ ನಿಜವೆಂದಾದರೆ ಆ ಜಾತಿಯಲ್ಲಿ ಹುಟ್ಟಿದವನ ಘನತೆ ಒಂದು ಗುಲಗಂಜಿಯಷ್ಟು ಕಡಿಮೆಯಾಯಿತೇ? ಮೂಲ ಹುಡುಕಿ ಪದವನ್ನು ತೊಳೆಯುವವರು ತಮಗೆ ಗೊತ್ತಿಲ್ಲದೆಯೇ ಒಂದು ಮಾತು ಒಪ್ಪಿಕೊಂಡಿರುತ್ತಾರೆ: ಮನುಷ್ಯನ ಮಾನ ಅವನ ಜಾತಿಯ ಹೆಸರಿನ ಬೇರಿನಲ್ಲಿದೆ ಎಂದು.

ಹನ್ನೆರಡನೆಯ ಶತಮಾನದ ವಚನಕಾರರು ಬೇರೆ ದಾರಿ ಹಿಡಿದರು. ಈ ಹೆಸರು ಹುಟ್ಟಿನದಲ್ಲ, ನಡತೆಯದು ಎಂದರು. ಕ್ರೂರಿಗೆ, ಕಪಟಿಗೆ, ಭಕ್ತಿಯಿಲ್ಲದವನಿಗೆ ಆ ಹೆಸರನ್ನು ಅಂಟಿಸಿ, ಮೇಲೆ ಕೂತವರ ಕಡೆಗೇ ತಿರುಗಿಸಿದರು. ಅದು ದೊಡ್ಡ ಧೈರ್ಯ. ಆದರೂ ಇಂದಿನ ಓದುಗ ಒಂದು ಪ್ರಶ್ನೆ ಕೇಳದೆ ಇರಲಾರ. ಕೆಟ್ಟವನನ್ನು ಕರೆಯಲು ಅದೇ ಹೆಸರನ್ನು ಉಳಿಸಿಕೊಂಡಾಗ, ಕೆಟ್ಟತನದ ಅಳತೆಗೋಲಾಗಿ ಉಳಿದದ್ದು ಯಾರ ಹೆಸರು? ಹುಟ್ಟಿನ ಕಟ್ಟನ್ನು ಬಿಚ್ಚಿದ ವಚನವೂ ಬೈಗುಳವನ್ನು ಬೈಗುಳವಾಗಿಯೇ ಬಿಟ್ಟಿತು.

ಹಾಗಾದರೆ ನೋಡಬೇಕಾದ್ದು ಎಲ್ಲಿ? ಪದಕ್ಕಿಂತ ಮೊದಲು ಅದರ ಸುತ್ತಲಿನ ವ್ಯಾಕರಣವನ್ನು ನೋಡಬೇಕು ಎಂಬುದು ನನ್ನ ವಾದ. ‘ಮಲೆಗಳಲ್ಲಿ ಮದುಮಗಳು’ ಅದಕ್ಕೆ ಒಳ್ಳೆಯ ಪಾಠ.

ಗುತ್ತಿಯನ್ನು ಕಾದಂಬರಿಯ ಜನ ಕರೆಯುವುದು ‘ನಾಯಿಗುತ್ತಿ’ ಎಂದು. ನಾಯಿ ಸದಾ ಬೆನ್ನ ಹಿಂದೆ ಇರುವುದರಿಂದ ಬಂದ ಹೆಸರು, ತಮಾಷೆಯ ಹೆಸರು. ಹೆಗ್ಗಡೆಯವರ ಮನೆಯಲ್ಲೂ ನಾಯಿಗಳಿದ್ದವು. ಯಾರೂ ಅವರನ್ನು ‘ನಾಯಿಹೆಗ್ಗಡೆ’ ಎನ್ನಲಿಲ್ಲ. ತಮಾಷೆ ಒಂದೇ ದಿಕ್ಕಿಗೆ ಹರಿಯುತ್ತದೆ. ಇನ್ನು ಕ್ರಿಯಾಪದಗಳು. ಹಿರಿಯ ಹೆಗ್ಗಡೆ, ಗೌಡರುಗಳಿಗೆ ನಿರೂಪಕನೇ ‘ಅವರು’ ಹಚ್ಚುತ್ತಾನೆ, ಗುತ್ತಿಗೆ ‘ಅವನು’. ಗುತ್ತಿ ತನ್ನ ಒಡೆಯನೆದುರು ‘ಅಯ್ಯ’ ಎನ್ನದೆ ಬಾಯಿ ತೆರೆಯಲಾರ. ಒಡೆಯನ ಬಾಯಲ್ಲಿ ಗುತ್ತಿಗೆ ಬರುವುದು ‘ಬಾರೋ’, ‘ಹೋಗೋ’. ಇಡೀ ಕಾದಂಬರಿಯಿಂದ ಜಾತಿಸೂಚಕ ನಾಮಪದಗಳನ್ನೆಲ್ಲ ಹೆಕ್ಕಿ ತೆಗೆದುಬಿಡಿ. ಯಾರು ಮೇಲೆ, ಯಾರು ಕೆಳಗೆ ಎಂಬುದು ಕ್ರಿಯಾಪದದ ಬಾಲದಲ್ಲೇ ಸ್ಪಷ್ಟವಾಗಿ ಉಳಿಯುತ್ತದೆ.

ಏಕವಚನವೇ ಅವಮಾನ ಎಂದು ಹೇಳುತ್ತಿಲ್ಲ. ಕನ್ನಡದಲ್ಲಿ ನಾವು ದೇವರನ್ನು, ಅವ್ವನನ್ನು, ಗೆಳೆಯನನ್ನು ಏಕವಚನದಲ್ಲೇ ಕರೆಯುತ್ತೇವೆ. ಗುತ್ತಿ-ತಿಮ್ಮಿಯರ ಬಗ್ಗೆ ನಿರೂಪಕ ಬಳಸುವ ಏಕವಚನದಲ್ಲಿ ಅಕ್ಕರೆಯೂ ಇದೆ. ಹುಲಿಯನನ್ನು ತುಂಗೆಯ ಪ್ರವಾಹ ಎಳೆದುಕೊಂಡು ಹೋಗುವ ಭಾಗ ಓದಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಅಕ್ಕರೆಗೂ ತಿರಸ್ಕಾರಕ್ಕೂ ಒಂದೇ ರೂಪ ಇರುವಾಗ ಅವೆರಡನ್ನು ಬೇರೆ ಮಾಡುವುದು ಹೇಗೆ? ಒಂದು ಸಣ್ಣ ಪರೀಕ್ಷೆ ಸಾಕು: ಕರೆಸಿಕೊಂಡವನು ಅದೇ ರೂಪದಲ್ಲಿ ತಿರುಗಿ ಕರೆಯಬಲ್ಲನೇ? ಗೆಳೆಯನಿಗೆ ‘ಬಾರೋ’ ಎಂದರೆ ಅವನೂ ‘ಬಾರೋ’ ಎನ್ನುತ್ತಾನೆ. ಹೆಗ್ಗಡೆಯವರಿಗೆ ಗುತ್ತಿ ಹಾಗೆ ಹೇಳಿದ್ದರೆ ಕಾದಂಬರಿ ಅಲ್ಲೇ ಮುಗಿದುಹೋಗುತ್ತಿತ್ತು. ಒಂದು ಹೆಸರು ಯೋಗ್ಯವೋ ಅಯೋಗ್ಯವೋ ಎಂಬುದನ್ನು ನಾನು ಅಳೆಯುವುದು ಇದರಿಂದ. ಅದನ್ನು ಇಟ್ಟವರು ಯಾರು, ಅದಕ್ಕೆ ಓಗೊಡುವವರಿಗೆ ತಿರುಗಿ ಕೂಗುವ ಹಕ್ಕು ಇದೆಯೇ?

ಈ ಅಳತೆ ಹಿಡಿದು ನಮ್ಮ ಬೇರೆ ಹೆಸರುಗಳನ್ನೂ ನೋಡೋಣ. ‘ಕಾನೂರು ಹೆಗ್ಗಡಿತಿ’ಯಲ್ಲಿ (1936) ಕಳ್ಳು ಇಳಿಸುವ ‘ಹಳೆಪೈಕದ’ ತಿಮ್ಮ ಬರುತ್ತಾನೆ. ‘ಪೈಕ’ ಎಂದರೆ ಕಾಲಾಳು, ಹಳೆಯ ಕಾಲದ ಯೋಧರು ಇವರು ಎಂದು ಆ ಹೆಸರಿಗೆ ಒಂದು ವಿವರಣೆ ಇದೆ. ಮೂಲ ಹುಡುಕುವವರಿಗೆ ಇದಕ್ಕಿಂತ ಗೌರವದ ಅರ್ಥ ಬೇಕೇ? ಆದರೂ ಇವತ್ತು ಸಾಗರ, ಸೊರಬ, ಹೊಸನಗರದಲ್ಲಿ ಆ ಸಮುದಾಯದವರು ತಮ್ಮನ್ನು ದೀವರು ಎಂದೋ ಈಡಿಗರು ಎಂದೋ ಹೇಳಿಕೊಳ್ಳುತ್ತಾರೆ. ಯೋಧ ಎಂಬ ಅರ್ಥ ನಿಘಂಟಿನಲ್ಲಿತ್ತು, ಜಮೀನುದಾರನ ಬಾಯಲ್ಲಿ ಇರಲಿಲ್ಲ. 1951ರಲ್ಲಿ ಕಾಗೋಡಿನ ದೀವರ ಗೇಣಿದಾರರು ಭತ್ತ ಅಳೆಯುವ ಕೊಳಗದ ವಿಷಯದಲ್ಲಿ ಎದ್ದು ನಿಂತಾಗ, ಗಣಪತಿಯಪ್ಪನವರು, ಶಾಂತವೇರಿ ಗೋಪಾಲಗೌಡರು ಜೊತೆಗೂಡಿದಾಗ, ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದಾಗ, ಅಲ್ಲಿದ್ದದ್ದು ಅಳತೆಯ ಪ್ರಶ್ನೆ. ಕೊಳಗ ಯಾರದು, ಅಳೆಯುವ ಕೈ ಯಾರದು ಎಂಬುದು. ಹೆಸರಿನ ಪ್ರಶ್ನೆಯೂ ಅದೇ ಜಾತಿಯದು.

ಆ ಚಳವಳಿಯಿಂದ ಹೊರಟ ಸಮಾಜವಾದಿಗಳ ಹೆಸರುಗಳನ್ನೇ ಗಮನಿಸಿ. ಶಾಸಕರಾಗಿದ್ದ ಲಿಂಗಪ್ಪನವರನ್ನು ನಾಡು ಗುರುತಿಸುವುದು ಕೋಣಂದೂರು ಲಿಂಗಪ್ಪ ಎಂದು. ಹೆಸರಿನ ಮುಂದೆ ಊರು ಇದೆ, ಜಾತಿ ಇಲ್ಲ. ದೇವನೂರ ಮಹಾದೇವ ಎಂಬ ಹೆಸರೂ ಹಾಗೆಯೇ. ಊರಿನ ಹೆಸರನ್ನು ಯಾರು ಬೇಕಾದರೂ ಯಾರಿಗೆ ಬೇಕಾದರೂ ಹೇಳಬಹುದು. ಅದರಲ್ಲಿ ಮೇಲು ಕೀಳಿಲ್ಲ.

ಇನ್ನು ಜಾತಿಯಿಂದ ಜನಾಂಗಕ್ಕೆ ಬರೋಣ. ಕನ್ನಡದ ‘ಜನಾಂಗ’ ಎಂಬ ಪದ ಬಹಳ ಹೊರೆ ಹೊತ್ತಿದೆ. ಜಾತಿ ಸಮಾವೇಶದ ಬ್ಯಾನರಿನಲ್ಲಿ ‘ನಮ್ಮ ಜನಾಂಗ’ ಎಂದರೆ ಜಾತಿ. ಭಾಷಣದಲ್ಲಿ ‘ಯುವಜನಾಂಗ’ ಎಂದರೆ ಪೀಳಿಗೆ. ಪತ್ರಿಕೆಯಲ್ಲಿ ‘ಜನಾಂಗೀಯ ನಿಂದನೆ’ ಎಂದರೆ ಚರ್ಮದ ಬಣ್ಣದ ಮೇಲೆ ಆಡಿದ ಮಾತು. ದಕ್ಷಿಣ ಆಫ್ರಿಕಾದ ಆಡಳಿತ ನೀತಿಯನ್ನು ನಾವು ‘ವರ್ಣಭೇದ ನೀತಿ’ ಎಂದು ಕರೆದೆವು. ‘ವರ್ಣ’ ನಮ್ಮಲ್ಲಿ ಬಣ್ಣವೂ ಹೌದು, ಚಾತುರ್ವರ್ಣ್ಯವೂ ಹೌದು. ಹೀಗಾಗಿ ದೂರದ ದೇಶದ ಅನ್ಯಾಯವನ್ನು ಓದುವಾಗಲೂ ಕನ್ನಡಿಗನ ಕಿವಿಗೆ ತನ್ನ ಮನೆಯ ಪದವೇ ಬೀಳುತ್ತದೆ. ಆ ಪದ ತನ್ನ ಮನೆಯ ಅನ್ಯಾಯವನ್ನು ನೆನಪಿಸುತ್ತದೆಯೇ ಎಂಬುದು ಬೇರೆ ಮಾತು.

ಆರ್ಯ, ದ್ರಾವಿಡ ಎಂಬ ಮಾತುಗಳು ಜನಾಂಗಸೂಚಕಗಳಾದ ಕಥೆ ಹೊಸದು. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಪ್ರಕಟಿಸಿದ. ಭಾಷೆಗೆ ಕೊಟ್ಟ ಹೆಸರು ಬೇಗನೆ ಜನರ ಮೈಗೆ ಅಂಟಿತು. 1901ರ ಜನಗಣತಿಯ ಮುಖ್ಯಸ್ಥನಾಗಿದ್ದ ಹರ್ಬರ್ಟ್ ರಿಸ್ಲೆ ಮೂಗಿನ ಅಳತೆಯಿಂದ ಜಾತಿಯ ಎತ್ತರ ತಿಳಿಯಬಹುದೆಂದು ನಂಬಿದ್ದ. ಆರ್ಯ ಎಂಬ ಪದವನ್ನು ಜನಪ್ರಿಯಗೊಳಿಸಿದ ಮ್ಯಾಕ್ಸ್ ಮುಲ್ಲರನೇ 1888ರ ಹೊತ್ತಿಗೆ ಅದು ಭಾಷೆಗೆ ಮಾತ್ರ ಸಲ್ಲುವ ಪದ, ರಕ್ತಕ್ಕೂ ತಲೆಬುರುಡೆಗೂ ಅಲ್ಲ ಎಂದು ಎಚ್ಚರಿಸಿದ್ದ. ಆ ಎಚ್ಚರಿಕೆಯನ್ನು ಕೇಳಿದವರು ಕಡಿಮೆ.

ಈ ಹೊಸ ಜನಾಂಗವಾದದಿಂದಲೇ ಕೆಳಗಿನವರು ತಮಗೆ ಬೇಕಾದ ಒಂದು ಪದ ಕಿತ್ತುಕೊಂಡರು. ಅದು ‘ಆದಿ’. ನಾವು ಕೊನೆಯವರಲ್ಲ, ಮೊದಲಿಗರು. ಆಮೇಲೆ ಬಂದವರು ನೀವು ಎನ್ನುವ ಹೆಸರು. ಮದ್ರಾಸಿನಲ್ಲಿ ಆದಿ ದ್ರಾವಿಡ, ತೆಲುಗು ಸೀಮೆಯಲ್ಲಿ ಆದಿ ಆಂಧ್ರ, ಮೈಸೂರು ಸಂಸ್ಥಾನದಲ್ಲಿ ಆದಿ ಕರ್ನಾಟಕ. ಬೈಗುಳದ ಜಾಗದಲ್ಲಿ ನಾಡಿನ ಹೆಸರೇ ಬಂದು ಕೂತದ್ದು ಸಣ್ಣ ಗೆಲುವಲ್ಲ. ಆದರೆ ಹೊಲೆಯ, ಮಾದಿಗ ಎಂಬ ಎರಡು ಬೇರೆ ಸಮುದಾಯಗಳನ್ನು ಈ ಹೆಸರು ಒಂದೇ ಕಂಬಳಿಯಡಿ ಮುಚ್ಚಿತು. ಒಂದು ಜಿಲ್ಲೆಯಲ್ಲಿ ಆದಿ ಕರ್ನಾಟಕ ಎಂದರೆ ಒಂದು ಜಾತಿ, ಇನ್ನೊಂದು ಜಿಲ್ಲೆಯಲ್ಲಿ ಇನ್ನೊಂದು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳಮೀಸಲಾತಿಗೆ ದಾರಿ ತೆರೆದ ಮೇಲೆ ಈ ಗೊಂದಲ ಅನ್ನದ ಪ್ರಶ್ನೆಯಾಯಿತು. 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಮೂಲ ಜಾತಿ ಹೇಳದೆ ‘ಆದಿ’ ಎಂದಷ್ಟೇ ಬರೆಸಿದವರಿಗಾಗಿ ಶೇ. 1ರ ಪ್ರತ್ಯೇಕ ಗುಂಪನ್ನೇ ಸೂಚಿಸಬೇಕಾಯಿತು. ಸರ್ಕಾರ ಆ ಸೂತ್ರವನ್ನು ಬದಲಿಸಿ 6-6-5ರ ಮೂರು ಗುಂಪು ಮಾಡಿತು. ನೂರು ವರ್ಷದ ಹಿಂದೆ ಮಾನಕ್ಕಾಗಿ ಹೊದ್ದ ಹೆಸರಿನ ಕೆಳಗೆ ಯಾರಿದ್ದಾರೆ ಎಂದು ಈಗ ಮನೆಮನೆಗೆ ಹೋಗಿ ಕೇಳಬೇಕಾಗಿ ಬಂತು. ಅಂದರೆ ಗೌರವದ ಹೆಸರಿಗೂ ಒಂದು ಬೆಲೆ ಇರುತ್ತದೆ.

‘ಆದಿ’ ವಾದದ ಜನಾಂಗೀಯ ತಳಹದಿಯನ್ನು ಅಂಬೇಡ್ಕರ್ ಒಪ್ಪಲಿಲ್ಲ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು. ಅಸ್ಪೃಶ್ಯರ ಕುರಿತ 1948ರ ಪುಸ್ತಕದಲ್ಲಿ ಅವರು ಮೂಗು, ತಲೆಗಳ ಅಳತೆಗಳನ್ನೇ ಮುಂದಿಟ್ಟು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗದವರೆಂಬ ವಾದವನ್ನು ತಳ್ಳಿಹಾಕಿದರು. ಅಸ್ಪೃಶ್ಯತೆ ರಕ್ತದಲ್ಲಿಲ್ಲ, ಸಮಾಜ ಕಟ್ಟಿದ್ದು ಎಂಬುದು ಅವರ ನಿಲುವು. 2001ರಲ್ಲಿ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನ ನಡೆದಾಗ ಭಾರತ ಸರ್ಕಾರವೂ ‘ಜಾತಿ ಜನಾಂಗವಲ್ಲ’ ಎಂದಿತು. ಒಂದೇ ವಾಕ್ಯ, ಎರಡು ಬಳಕೆ. ಕಟ್ಟಿದ್ದಾದ್ದರಿಂದ ಕೆಡವಬಹುದು ಎನ್ನಲು ಅಂಬೇಡ್ಕರ್ ಅದನ್ನು ಹೇಳಿದರು. ಹೊರಗಿನವರು ಇಲ್ಲಿ ಇಣುಕಬೇಡಿ ಎನ್ನಲು ಸರ್ಕಾರ ಅದನ್ನು ಹೇಳಿತು. ಹೇಳಿದವರು ಯಾರು ಎಂದು ನೋಡದೆ ವಾಕ್ಯದ ಅರ್ಥ ತಿಳಿಯುವುದಿಲ್ಲ. ಪದದ ಮಾತೂ ಅಷ್ಟೆ.

‘ಹರಿಜನ’ ಇದಕ್ಕೆ ಕಣ್ಣೆದುರಿನ ಉದಾಹರಣೆ. ಅದರಷ್ಟು ಒಳ್ಳೆಯ ಅರ್ಥದ ಪದ ಸಿಗುವುದು ಕಷ್ಟ. 1930ರ ದಶಕದಲ್ಲಿ ಗಾಂಧೀಜಿ ಅದನ್ನು ದೇಶಕ್ಕೆ ಹರಡಿದರು, ತಮ್ಮ ಪತ್ರಿಕೆಗೇ ಆ ಹೆಸರಿಟ್ಟರು. ಅಂಬೇಡ್ಕರ್ ವಿರೋಧಿಸಿದರು. 1982ರಲ್ಲಿ ಕೇಂದ್ರ ಸರ್ಕಾರವೇ ಜಾತಿ ಪ್ರಮಾಣಪತ್ರದಲ್ಲಿ ಆ ಪದ ಬೇಡವೆಂದು ಸುತ್ತೋಲೆ ಹೊರಡಿಸಿತು. ದೇವರ ಮಕ್ಕಳು ಎಂಬ ಅರ್ಥವಿದ್ದೂ ಅದೇಕೆ ನಿಲ್ಲಲಿಲ್ಲ? ಎಲ್ಲರೂ ದೇವರ ಮಕ್ಕಳಾದರೆ ಒಂದು ಕೇರಿಗೆ ಮಾತ್ರ ಆ ಹೆಸರೇಕೆ ಎಂಬ ಪ್ರಶ್ನೆಗೆ ಆ ಪದದಲ್ಲಿ ಉತ್ತರವಿರಲಿಲ್ಲ. ಹೆಸರನ್ನು ಕೊಟ್ಟವರು ಒಬ್ಬರು, ಪಡೆದವರು ಇನ್ನೊಬ್ಬರು. ದಾನ ಕೊಟ್ಟ ಹೆಸರು ಅದು.

‘ದಲಿತ’ದ ದಾರಿ ಬೇರೆ. ಅದರ ಅಕ್ಷರಶಃ ಅರ್ಥ ತುಳಿಯಲ್ಪಟ್ಟವನು, ಸೀಳಲ್ಪಟ್ಟವನು. ಅರ್ಥವನ್ನಷ್ಟೇ ತೂಗಿದರೆ ‘ಹರಿಜನ’ಕ್ಕಿಂತ ಕೀಳು. ಆದರೆ ಅದನ್ನು ಆರಿಸಿಕೊಂಡವರು ಆ ಜನರೇ. ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಚಳವಳಿಯನ್ನು ನೋಡಿ 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ ಹುಟ್ಟಿತು. ನಮ್ಮದೇ ಜಿಲ್ಲೆಯ ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ಅದೇ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಸಿದ್ಧಲಿಂಗಯ್ಯ 1975ರಲ್ಲಿ ತಮ್ಮ ಕವನ ಸಂಕಲನಕ್ಕೆ ‘ಹೊಲೆಮಾದಿಗರ ಹಾಡು’ ಎಂದೇ ಹೆಸರಿಟ್ಟರು. ಮೇಲಿನಿಂದ ಬೀಳುತ್ತಿದ್ದ ಪದ ಪುಸ್ತಕದ ಮುಖಪುಟಕ್ಕೆ ಏರಿ ನಿಂತಿತು. ಅರವಿಂದ ಮಾಲಗತ್ತಿ ಮೀಸಲಾತಿಯ ಕುರಿತ ಕುಹಕದ ಮಾತನ್ನೇ ಎತ್ತಿಕೊಂಡು ಆತ್ಮಕಥೆಗೆ ‘ಗೌರ್ಮೆಂಟ್ ಬ್ರಾಹ್ಮಣ’ ಎಂದರು. 1973ರಲ್ಲಿ ಶುರುವಾದ ಪತ್ರಿಕೆಯೊಂದು ‘ಶೂದ್ರ’ ಎಂದು ಕರೆದುಕೊಂಡಿತು; ಅದರ ಸಂಪಾದಕರು ಕೊನೆಗೆ ಶೂದ್ರ ಶ್ರೀನಿವಾಸರೇ ಆದರು. 2018ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಖಾಸಗಿ ಟಿ.ವಿ. ವಾಹಿನಿಗಳಿಗೆ ‘ದಲಿತ’ ಬಿಟ್ಟು ‘ಪರಿಶಿಷ್ಟ ಜಾತಿ’ ಎನ್ನಿ ಎಂದು ಸಲಹೆ ಕೊಟ್ಟಾಗ ಅನೇಕರಿಗೆ ಸಿಟ್ಟು ಬಂದದ್ದು ಇದಕ್ಕೇ. ಪಟ್ಟಿಯ ಹೆಸರು ಸೌಲಭ್ಯಕ್ಕೆ ಬೇಕು. ಅದೊಂದೇ ಉಳಿದರೆ ಮತ್ತೆ ಬೇರೆಯವರು ಇಟ್ಟ ಹೆಸರಿಗೆ ಓಗೊಟ್ಟಂತೆ.

ಚರ್ಮದ ಬಣ್ಣದ ಪದಗಳಿಗೂ ಇದೇ ಅಳತೆ ಸಲ್ಲುತ್ತದೆ. ಅದಕ್ಕೆ ಅಮೆರಿಕದವರೆಗೆ ಹೋಗಬೇಕಿಲ್ಲ; ನಮ್ಮ ಪಕ್ಕದ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಆಫ್ರಿಕಾದಿಂದ ಗುಲಾಮರಾಗಿ, ಸೈನಿಕರಾಗಿ ಬಂದವರ ಮಕ್ಕಳು ಅವರು. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ‘ಸಿದ್ದಿ’ ಎಂಬುದು ಅರಬ್ಬಿಯ ಗೌರವದ ಸಂಬೋಧನೆಯಿಂದ ಬಂತೆಂದು ಹೇಳುವವರಿದ್ದಾರೆ. ‘ಹಬಶಿ’ ಎಂಬುದು ಅಬಿಸೀನಿಯಾದ ಹೆಸರಿನಿಂದ ಬಂದದ್ದು, ಮೂಲದಲ್ಲಿ ಬರೀ ನಾಡಿನ ಗುರುತು. ಆದರೂ ಮೊದಲನೆಯದು ಅವರು ತಮಗೆ ತಾವೇ ಹೇಳಿಕೊಳ್ಳುವ ಹೆಸರಾಗಿ, 2003ರಲ್ಲಿ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿ, 2020ರಲ್ಲಿ ಶಾಂತಾರಾಮ ಸಿದ್ದಿಯವರ ಜೊತೆ ವಿಧಾನ ಪರಿಷತ್ತಿನೊಳಕ್ಕೂ ಹೋಯಿತು. ಅದೇ ಸಿದ್ದಿ ಹುಡುಗರು ಪಟ್ಟಣಕ್ಕೆ ಬಂದರೆ ‘ನೀಗ್ರೋ’ ಎಂದು ಕೂಗುವವರಿದ್ದಾರೆ. ಸ್ಪ್ಯಾನಿಷ್, ಪೋರ್ಚುಗೀಸ್ ಭಾಷೆಗಳಲ್ಲಿ ಅದಕ್ಕೆ ಕಪ್ಪು ಎಂಬುದಷ್ಟೇ ಅರ್ಥ. ಕನ್ನಡದಲ್ಲಿ ಕರಿಯ, ಕರಿಯಪ್ಪ, ಕರಿಬಸಪ್ಪ ಎಂದು ಮಕ್ಕಳಿಗೆ ಹೆಸರಿಟ್ಟು ಮುದ್ದಾಡಿದ್ದೇವೆ. ಕಪ್ಪು ಎಂಬ ಅರ್ಥದಲ್ಲಿ ವಿಷವಿಲ್ಲ. ಯಲ್ಲಾಪುರದ ಹುಡುಗನನ್ನು ‘ನೀನು ಇಲ್ಲಿಯವನಲ್ಲ’ ಎಂದು ಹೊರಗಿಡಲು ಆ ಪದ ಬಳಸಿದಾಗ ವಿಷ ತುಂಬುತ್ತದೆ. ನಾಲ್ಕು ತಲೆಮಾರು ಕನ್ನಡ ಆಡಿದವನು ಅದಕ್ಕೆ ತಿರುಗಿ ಏನೆಂದು ಕೂಗಬೇಕು?

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ‘ಹೊಲೆಯ’ ಎಂಬುದು ರಾಜ್ಯದ 101 ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲೇ ಇದೆ, ತಹಶೀಲ್ದಾರರ ಮೊಹರು ಬಿದ್ದ ಪ್ರಮಾಣಪತ್ರದಲ್ಲಿ ಬರುತ್ತದೆ. ಅದನ್ನು ನಾವು ಹೇಳಿದರೆ ತಪ್ಪೇನು ಎಂದು. ಅದೇ ಕಾನೂನು ಉತ್ತರವನ್ನೂ ಕೊಟ್ಟಿದೆ. 1989ರ ದೌರ್ಜನ್ಯ ತಡೆ ಕಾಯ್ದೆಯ ತಿದ್ದುಪಡಿಯಾದ ರೂಪದಲ್ಲಿ, ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಪರಿಶಿಷ್ಟರನ್ನು ಜಾತಿ ಹೆಸರು ಹಿಡಿದು ಬೈಯುವುದು ಅಪರಾಧ. ಪ್ರಮಾಣಪತ್ರದಲ್ಲಿ ಹಕ್ಕು, ಬೀದಿಯಲ್ಲಿ ಅಪರಾಧ, ಪದ ಒಂದೇ. ಇದರಲ್ಲಿ ವಿರೋಧಾಭಾಸವಿಲ್ಲ. ಮೊದಲನೆಯದು ಅವನು ಕೇಳಿ ಪಡೆದದ್ದು, ಎರಡನೆಯದು ಅವನ ಮೇಲೆ ಎಸೆದದ್ದು.

ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರ ‘ಭಾರತೀಪುರ’ (1973) ಈ ಕಷ್ಟವನ್ನು ಒಳಗಿನಿಂದ ಬಲ್ಲ ಕಾದಂಬರಿ. ಇಂಗ್ಲೆಂಡಿನಲ್ಲಿ ಓದಿ ಬಂದ ಜಗನ್ನಾಥ ಹೊಲೆಯರ ಕೈಯಲ್ಲಿ ಸಾಲಿಗ್ರಾಮ ಮುಟ್ಟಿಸಲು ಹೊರಡುತ್ತಾನೆ. ಅವನ ಉದ್ದೇಶದಲ್ಲಿ ಕಪಟವಿಲ್ಲ. ಆದರೆ ಅವನ ಕಣ್ಣಿಗೆ ಅವರು ಬಹುಕಾಲ ಒಂದು ಗುಂಪು. ಪಿಳ್ಳನಂಥ ಒಬ್ಬನ ಮುಖ ಆ ಗುಂಪಿನಿಂದ ಬೇರೆಯಾಗಿ ಕಾಣಲು ಅವನು ಒದ್ದಾಡಬೇಕಾಗುತ್ತದೆ. ಮುಟ್ಟಿಸುವವನ ಮನಸ್ಸಿನ ತಳಮಳ ಪುಟಗಟ್ಟಲೆ ಬರುತ್ತದೆ, ಮುಟ್ಟುವವರ ಮನಸ್ಸು ಕಾಣುವುದಿಲ್ಲ. ಕುವೆಂಪು ಅವರ ಗುತ್ತಿಗೆ ಬಹುವಚನ ಸಿಗಲಿಲ್ಲ, ಆದರೆ ಹಸಿವು, ಹಟ, ಪ್ರೀತಿ, ದುಃಖ ಎಲ್ಲ ಸಿಕ್ಕಿತು. ಜಗನ್ನಾಥನ ಕಾಳಜಿಯ ಜನರಿಗೆ ವಿಮೋಚನೆಯ ಕಾರ್ಯಕ್ರಮ ಸಿಕ್ಕಿತು, ಹೆಸರುಗಳು ಬಹಳ ತಡವಾಗಿ ಸಿಕ್ಕವು. ಗೌರವದ ಪದಗಳನ್ನು ಬಳಸಿಯೂ ಮನುಷ್ಯನನ್ನು ಕಾಣದೆ ಇರಬಹುದು ಎಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ತರಗತಿಯಲ್ಲಿ ಏನು ಮಾಡಬೇಕು? 2011ರಲ್ಲಿ ಅಮೆರಿಕದ ಅಲಬಾಮಾದ ಪ್ರಕಾಶಕರೊಬ್ಬರು ಮಾರ್ಕ್ ಟ್ವೇನನ ‘ಹಕಲ್‌ಬೆರಿ ಫಿನ್’ನಲ್ಲಿ ಕರಿಯರನ್ನು ಹೀಯಾಳಿಸುವ ಪದವನ್ನೆಲ್ಲ ತೆಗೆದು ‘ಗುಲಾಮ’ ಎಂದು ಹಾಕಿ ಹೊಸ ಆವೃತ್ತಿ ತಂದರು. ಮಕ್ಕಳಿಗೆ ನೋವಾಗದಿರಲಿ ಎಂಬ ಕಾಳಜಿ ಅದರ ಹಿಂದಿತ್ತು. ನಾವು ಆ ದಾರಿ ಹಿಡಿಯಬಾರದು. ಕಾದಂಬರಿಯ ಪದ ಕಾದಂಬರಿಯಲ್ಲೇ ಇರಲಿ. ಭರಮೈಹೆಗ್ಗಡೆಯವರ ಬಾಯಲ್ಲಿ ಇಂದಿನ ಸಭ್ಯ ಪದ ತುರುಕಿದರೆ ತಪ್ಪಿಸಿಕೊಳ್ಳುವವರು ಹೆಗ್ಗಡೆಯವರೇ ಹೊರತು ಗುತ್ತಿಯಲ್ಲ. ಆದರೆ ಆ ಪದವನ್ನು ಜೋರಾಗಿ ಓದುವ ಮೊದಲು ಕೋಣೆಯಲ್ಲಿ ಯಾರಿದ್ದಾರೆಂದು ಮೇಷ್ಟ್ರಿಗೆ ಗೊತ್ತಿರಬೇಕು, ಏಕೆ ಓದುತ್ತಿದ್ದೇವೆಂದು ಮೊದಲೇ ಹೇಳಿರಬೇಕು. ಓದಿ ನಗುವವನಿದ್ದರೆ ಅಲ್ಲೇ ನಿಲ್ಲಿಸಿ, ಆ ನಗುವನ್ನೇ ಪಾಠ ಮಾಡಬೇಕು.

ನಮ್ಮ ಸ್ವಂತ ವಾಕ್ಯಗಳಿಗೆ ಮಾತ್ರ ಆ ವಿನಾಯಿತಿ ಇಲ್ಲ. ಅಲ್ಲಿ ಆ ಸಮುದಾಯ ಇವತ್ತು ತನಗೆ ಇಟ್ಟುಕೊಂಡ ಹೆಸರನ್ನು ಬಳಸಬೇಕು. ಅವರು ನಾಳೆ ಬದಲಿಸಿದರೆ ನಾವೂ ಬದಲಿಸಬೇಕು. ಎಷ್ಟು ಸಲ ಬದಲಿಸುವುದು ಎಂದು ಗೊಣಗುವವರು, ಗೊಣಗುವ ಮೊದಲು ತಮ್ಮ ಜಾತಿಯ ಹೆಸರು ಯಾರ ಬಾಯಲ್ಲೂ ಬೈಗುಳವಾಗದೆ ಉಳಿದದ್ದು ಹೇಗೆಂದು ಯೋಚಿಸಲಿ. ಪದದಷ್ಟೇ ಕ್ರಿಯಾಪದವನ್ನೂ ಗಮನಿಸಬೇಕು. ‘ಮಲೆಗಳಲ್ಲಿ ಮದುಮಗಳು’ ಕುರಿತ ಪ್ರಬಂಧಗಳನ್ನು ತಿರುವಿ ಹಾಕಿ: ‘ದಲಿತ ಪಾತ್ರವಾದ ಗುತ್ತಿ ಹೋಗುತ್ತಾನೆ’, ‘ಹೆಗ್ಗಡೆಯವರು ಹೇಳುತ್ತಾರೆ’ ಎಂಬಂಥ ವಾಕ್ಯಗಳು ಒಂದೇ ಪುಟದಲ್ಲಿ ಸಿಗುತ್ತವೆ. ನಾಮಪದ 1970ರ ದಶಕಕ್ಕೆ ಬಂದಿದೆ, ಕ್ರಿಯಾಪದ ಇನ್ನೂ ಸಿಂಬಾವಿ ಮನೆಯ ಜಗುಲಿಯ ಕೆಳಗೇ ನಿಂತಿದೆ. ಇಬ್ಬರಿಗೂ ‘ಅವನು’ ಎನ್ನಿ, ಇಲ್ಲವೇ ಇಬ್ಬರಿಗೂ ‘ಅವರು’ ಎನ್ನಿ. ವಿಮರ್ಶೆಗೆ ಅಷ್ಟಾದರೂ ಸ್ವಾತಂತ್ರ್ಯವಿದೆ. ಅದನ್ನು ಬಳಸಲು ಯಾವ ಸುತ್ತೋಲೆಯೂ ಬೇಕಿಲ್ಲ.